ನದಿಯ ಗುಟ್ಟು ಬೆಳಗಿನ ಜಾವ ರಟ್ಟಾಗುತ್ತದೆ

ಉಷ್ಣವಲಯದ ನದಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧ ಪ್ರಶ್ನೆ, ಇನ್ನರ್ಧ ಸಿಟ್ಟು. ಎರಡನ್ನೂ ಓದಿದ್ದೇನೆ. ನನ್ನ ಕೆಲಸದ ಬದುಕೆಲ್ಲ ಕಳೆದಿದ್ದು ನೀರು ಪರೀಕ್ಷಿಸುವ ಲ್ಯಾಬ್‌ನಲ್ಲಿ. ಹಾಗಾಗಿ ಯಾರನ್ನು ಜೈಲಿಗೆ ಹಾಕಬೇಕು ಅಂತ ಕೇಳಿದವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ನೀರಿನೊಳಗೆ ಏನು ನಡೆಯುತ್ತಿದೆ ಅಂತ ಕೇಳಿದವರಿಗೆ ಇದೆ.

ಪ್ರಶ್ನೆ: ಮೇಡಂ, ಲಂಡನ್ನಿನ ಥೇಮ್ಸ್ ಸತ್ತೇ ಹೋಗಿತ್ತಂತೆ, ಈಗ ಅದರಲ್ಲಿ ಮೀನುಗಳಿವೆಯಂತೆ. ಬಿಸಿಲು ನಾಡಿನ ನದಿಗಳು ಮಾತ್ರ ಯಾಕೆ ಸುಧಾರಿಸುವುದಿಲ್ಲ? ಜನ ಸರಿ ಇಲ್ಲವೋ, ಹವೆಯೇ ಹಾಗೋ?

ಉತ್ತರ: ಜನರನ್ನು ಬೈಯುವ ಮೊದಲು ಥರ್ಮಾಮೀಟರ್ ನೋಡೋಣ. 10 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರು ಗಾಳಿಯಿಂದ ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹೀರಿಕೊಳ್ಳುತ್ತದೆ. ಅದೇ ನೀರು 30 ಡಿಗ್ರಿ ಇದ್ದರೆ ಸುಮಾರು 7.6 ಮಿಲಿಗ್ರಾಂ, ಅಷ್ಟೇ. ಕಾಡಿನ ನಡುವೆ, ಒಂದು ಹನಿ ಕೊಳಚೆಯೂ ಸೇರದ ಹೊಳೆಯಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನೊಂದು ಕಡೆ, ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಸೆಕೆ ಅಂದರೆ ಖುಷಿ. ನೀರು 20ರಿಂದ 30 ಡಿಗ್ರಿಗೆ ಏರಿದರೆ ಅವುಗಳ ಕೆಲಸ ಸುಮಾರು ಒಂದೂವರೆ ಪಟ್ಟು ಚುರುಕಾಗುತ್ತದೆ. ತಿನ್ನುವಾಗ ಅವು ನೀರಿನ ಆಮ್ಲಜನಕವನ್ನೇ ಉಸಿರಾಡುತ್ತವೆ. ಅಂದರೆ ಕೂಡಿಟ್ಟ ಗಂಟು ಚಿಕ್ಕದು, ಖರ್ಚು ಮಾತ್ರ ಜೋರು.

ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ಮನುಷ್ಯನ ಒಂದು ದಿನದ ಕೊಳಚೆ ಕೊಳೆತು ಮುಗಿಯಲು ಹತ್ತಿರ ಹತ್ತಿರ 50 ಗ್ರಾಂ ಆಮ್ಲಜನಕ ಬೇಕು. ಮೀನುಗಳು ನೆಮ್ಮದಿಯಿಂದ ಇರಲು ಲೀಟರಿಗೆ 4 ಮಿಲಿಗ್ರಾಂ ಆದರೂ ಉಳಿಯಲಿ ಎಂದುಕೊಳ್ಳಿ. 10 ಡಿಗ್ರಿಯ ನದಿಯಲ್ಲಾದರೆ ಆ ಒಬ್ಬನಿಗೆ ಸುಮಾರು 7 ಸಾವಿರ ಲೀಟರ್ ನೀರು ಸಾಕು. 30 ಡಿಗ್ರಿಯ ನದಿಯಲ್ಲಿ ಸುಮಾರು 14 ಸಾವಿರ ಲೀಟರ್ ಬೇಕು. ಹರಿಯುವಾಗ ಗಾಳಿಯಿಂದ ಮತ್ತೆ ಒಂದಷ್ಟು ಸೇರುತ್ತದೆ, ನಿಜ. ಆದರೆ ಎರಡು ಪಟ್ಟಿನ ಅಂತರ ಅಷ್ಟು ಸುಲಭವಾಗಿ ತುಂಬುವುದಿಲ್ಲ.

ಇನ್ನು ಹರಿವು. ಉಷ್ಣವಲಯದ ಬಹಳಷ್ಟು ನದಿಗಳು ಮಳೆಗಾಲದಲ್ಲಿ ಒಂದು ನದಿ, ಬೇಸಿಗೆಯಲ್ಲಿ ಬೇರೆಯೇ ನದಿ. ಊರಿನ ಚರಂಡಿಗೆ ಬೇಸಿಗೆ ರಜೆ ಇಲ್ಲ. ಅದು ವರ್ಷವಿಡೀ ಅಷ್ಟೇ ನೀರು ಬಿಡುತ್ತದೆ. ಮೇಲಿನಿಂದ ಬರುವ ಒಳ್ಳೆ ನೀರು ಬತ್ತಿದಾಗ ನದಿಯಲ್ಲಿ ಉಳಿಯುವುದು ಚರಂಡಿಯ ಪಾಲೇ. ಅದಕ್ಕೇ ‘ವಾರ್ಷಿಕ ಸರಾಸರಿ’ ಅಂತ ಯಾರಾದರೂ ಅಂಕಿ ತೋರಿಸಿದರೆ ನಾನು ಪುಟ ತಿರುಗಿಸಿ ಬೇಸಿಗೆಯ ತಿಂಗಳುಗಳನ್ನು ಹುಡುಕುತ್ತೇನೆ. ನೀವೂ ಹುಡುಕಿ.

ಹಾಗಂತ ಥೇಮ್ಸ್ ಬರೀ ತಂಪಿನಿಂದ ಬದುಕಲಿಲ್ಲ. 1957ರಲ್ಲಿ ಅದರ ಲಂಡನ್ ಭಾಗದಲ್ಲಿ ಜೀವವೇ ಇಲ್ಲ ಎಂದು ಬರೆದಿಟ್ಟರು. ಆಮೇಲೆ ಕೆಳಭಾಗದ ದೊಡ್ಡ ಕೊಳಚೆ ಸಂಸ್ಕರಣಾ ಘಟಕಗಳನ್ನು ಹೊಸದಾಗಿ ಕಟ್ಟಿ ಬಲಪಡಿಸಿದರು. ಸಾಲ್ಮನ್ ಮೀನು ಮತ್ತೆ ಸಿಕ್ಕಿದ್ದು 1974ರಲ್ಲಿ. ತಂಪು ಅವರಿಗೆ ಸಹಾಯ ಮಾಡಿತು, ಕೆಲಸ ಮಾಡಿದ್ದು ಘಟಕಗಳು.

ಪ್ರಶ್ನೆ: ನಮ್ಮ ನದಿಯಲ್ಲಿ ಕರಗಿದ ಆಮ್ಲಜನಕ 8ರ ಮೇಲಿದೆ ಎಂದು ವರದಿ ಬಂತು. ಅದೇ ವಾರ ಮೀನುಗಳು ಸತ್ತು ತೇಲಿದವು. ವರದಿ ಸುಳ್ಳಾ?

ಉತ್ತರ: ಸುಳ್ಳಾಗಬೇಕಿಲ್ಲ. ಸ್ಯಾಂಪಲ್ ಎಷ್ಟು ಗಂಟೆಗೆ ತೆಗೆದರು ಅಂತ ಕೇಳಿದ್ದೀರಾ?

ಹಗಲಲ್ಲಿ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಚರಂಡಿಯ ಸಾರಜನಕ, ರಂಜಕ ತಿಂದು ಕೊಬ್ಬಿದ ಹಸಿರು ನೀರಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಆಮ್ಲಜನಕ 12, 14 ಕೂಡ ಮುಟ್ಟಬಹುದು. ಆ ಬಿಸಿ ನೀರಿಗೆ ಅದು ನ್ಯಾಯವಾಗಿ ಹಿಡಿಯಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಆಮ್ಲಜನಕ ಬಿಡುವುದನ್ನು ನಿಲ್ಲಿಸುತ್ತದೆ, ಉಸಿರಾಡುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಕೆಳಗೆ ಹೂಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗಂತೂ ರಾತ್ರಿ ಪಾಳಿ ತಪ್ಪಿದ್ದಲ್ಲ. ಬೆಳಗಿನ ಜಾವ ನಾಲ್ಕೂವರೆ ಐದರ ಹೊತ್ತಿಗೆ ಅದೇ ಜಾಗದಲ್ಲಿ 1 ಕೂಡ ಉಳಿದಿರುವುದಿಲ್ಲ. ಮೀನು ಸಾಯುವುದು ಆಗ. ಮುಂಜಾನೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಅವು ಆಡುತ್ತಿಲ್ಲ, ಏದುಸಿರು ಬಿಡುತ್ತಿವೆ.

ಸ್ಯಾಂಪಲ್ ತೆಗೆಯುವವರು ಆಫೀಸಿಗೆ ಬಂದು, ಗಾಡಿ ಸಿಕ್ಕು, ನದಿ ಮುಟ್ಟುವಷ್ಟರಲ್ಲಿ ಹನ್ನೊಂದು ದಾಟಿರುತ್ತದೆ. ಇದು ಬಹುತೇಕ ಎಲ್ಲ ದೇಶಗಳ ಕಥೆ. ಹಾಗಾಗಿ ವರದಿಗಳಲ್ಲಿ ಕಾಣುವುದು ನದಿಯ ಒಳ್ಳೆಯ ಹೊತ್ತು.

ಈ ಆಮ್ಲಜನಕ ಅಳೆಯುವ ಹಳೆಯ ವಿಧಾನದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಲಾಯೋಶ್ ವಿಂಕ್ಲರ್ ಎಂಬ ಹಂಗೇರಿಯ ರಸಾಯನಶಾಸ್ತ್ರಜ್ಞ 1888ರಲ್ಲಿ ಕೊಟ್ಟ ವಿಧಾನ ಅದು. ಗಾಜಿನ ಬಿರಡೆ ಇರುವ 300 ಮಿಲಿಲೀಟರ್ ಬಾಟಲಿ. ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ನದಿ ದಡದಲ್ಲೇ ಪಿಪೆಟ್ಟಿನ ತುದಿಯನ್ನು ನೀರಿನೊಳಗಿಟ್ಟು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಸೇರಿಸಿದ ಅಯೊಡೈಡ್ ಹಾಕಬೇಕು. ಬಿರಡೆ ಹಾಕಿ ತಲೆಕೆಳಗು ಮಾಡಿದರೆ ನೀರೊಳಗೆ ಒಂದು ಮೋಡ ಏಳುತ್ತದೆ. ಆಮ್ಲಜನಕ ಇದ್ದರೆ ಆ ಮೋಡ ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಮೀಟರು ಬೇಡ, ಕರೆಂಟು ಬೇಡ. ಬಿಳಿ ಮೋಡ ಕಂಡರೆ ಅಲ್ಲೇ ಗೊತ್ತಾಯಿತು, ಈ ನೀರಿನಲ್ಲಿ ಉಸಿರು ಇಲ್ಲ.

ಕಂದಾದರೆ ಲ್ಯಾಬ್‌ಗೆ ತಂದು ಆಮ್ಲ ಹಾಕುತ್ತೇವೆ. ಕೆಸರು ಕರಗಿ ಅಯೋಡಿನ್ನಿನ ಬಣ್ಣ ಬರುತ್ತದೆ. ಬ್ಯುರೆಟ್‌ನಿಂದ ಥಯೋಸಲ್ಫೇಟ್ ಬಿಡುತ್ತಾ ಹೋಗಿ, ಬಣ್ಣ ತೆಳು ಹಳದಿಗೆ ಇಳಿದಾಗ ಗಂಜಿಯ ದ್ರಾವಣ ಸೇರಿಸಬೇಕು. ಕಡು ನೀಲಿ. ಕೊನೆಗೆ ಒಂದೇ ಒಂದು ಹನಿಗೆ ಆ ನೀಲಿ ಮಾಯ. ಅಲ್ಲಿಯವರೆಗೆ ಖರ್ಚಾದ ಥಯೋಸಲ್ಫೇಟಿನಿಂದಲೇ ಆಮ್ಲಜನಕದ ಲೆಕ್ಕ. ಆ ಹನಿಯನ್ನು ದಾಟದೆ ನಿಲ್ಲಿಸುವುದರಲ್ಲೇ ಕೈಚಳಕ ಇರುವುದು. ಈಗಿನ ಹುಡುಗರು ಪ್ರೋಬ್ ಅದ್ದಿ ಅಂಕಿ ಓದುತ್ತಾರೆ. ತಪ್ಪೇನಿಲ್ಲ, ಅದು ರಾತ್ರಿಯಿಡೀ ನೀರಲ್ಲೇ ಕೂತು ಹದಿನೈದು ನಿಮಿಷಕ್ಕೊಮ್ಮೆ ಅಳೆಯಬಲ್ಲದು. ನಮ್ಮ ಕೈಯಲ್ಲಿ ಅದು ಆಗುತ್ತಿರಲಿಲ್ಲ. ಆದರೆ ಪ್ರೋಬಿನ ಪೊರೆಯ ಮೇಲೆ ಪಾಚಿ ಕಟ್ಟಿದರೆ ಅದು ಏನೇನೋ ಹೇಳುತ್ತದೆ. ಒರೆಸುತ್ತಿರಬೇಕು.

ನಿಮ್ಮ ಮುಂದಿನ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ‘ಬೆಳಕು ಹರಿಯುವ ಮುನ್ನ ತೆಗೆದ ಸ್ಯಾಂಪಲ್ಲಿನ ಅಂಕಿ ಕೊಡಿ.’

ಪ್ರಶ್ನೆ: ಮಳೆ ಬಂದರೆ ನದಿ ತೊಳೆದುಹೋಗಬೇಕು ಅಲ್ವಾ? ಮೊದಲ ಮಳೆಗೇ ಮೀನು ಸಾಯುವುದು ಯಾಕೆ?

ಉತ್ತರ: ತೊಳೆಯುತ್ತದೆ, ಆದರೆ ಮೊದಲ ತೊಳೆತದ ನೀರು ಎಲ್ಲಿಗೆ ಹೋಗಬೇಕು ಹೇಳಿ? ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ಟೈರಿನ ಪುಡಿ, ಚರಂಡಿಯ ತಳದಲ್ಲಿ ಗಟ್ಟಿಯಾದ ಹೊಲಸು, ಹೊಲದ ಗೊಬ್ಬರ, ಎಲ್ಲವೂ ಮೊದಲ ಜೋರು ಮಳೆಯ ಆರಂಭದಲ್ಲೇ ಒಟ್ಟಿಗೆ ನದಿಗೆ ಬೀಳುತ್ತವೆ. ಆ ಹೊತ್ತಿಗೆ ನದಿ ಇನ್ನೂ ಬೇಸಿಗೆಯ ನದಿಯೇ. ತೆಳ್ಳಗೆ, ಬೆಚ್ಚಗೆ ಇರುತ್ತದೆ.

ಅದಕ್ಕಿಂತ ಕೆಟ್ಟದ್ದು ತಳದ ಹೂಳು. ಕಪ್ಪು ಹೂಳನ್ನು ಕೋಲಿನಿಂದ ಕೆದಕಿ ನೋಡಿ. ಗುಳುಗುಳು ಗುಳ್ಳೆ ಬರುತ್ತದೆ. ಹೆಚ್ಚಿನದು ಮೀಥೇನ್, ಕೊಳೆತ ಮೊಟ್ಟೆ ವಾಸನೆ ಬಂದರೆ ಜತೆಗೆ ಹೈಡ್ರೋಜನ್ ಸಲ್ಫೈಡ್. ಹೂಳಿನ ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದ್ದು. ಆಮ್ಲಜನಕ ಇಲ್ಲದೆ ಕೊಳೆತ ಈ ಮಣ್ಣು ಆಮ್ಲಜನಕಕ್ಕಾಗಿ ಹಸಿದು ಕೂತಿರುತ್ತದೆ. ಮಳೆಯ ಸೆಳೆತ ಅದನ್ನು ಎಬ್ಬಿಸಿದ ತಕ್ಷಣ ಮೇಲಿನ ನೀರಿನ ಉಸಿರನ್ನೆಲ್ಲ ಗಂಟೆಗಳಲ್ಲಿ ಹೀರಿಬಿಡುತ್ತದೆ. ಆಮೇಲೆ ಮಳೆ ಹಿಡಿದು, ನದಿ ತುಂಬಿ ಹರಿದರೆ ಎಲ್ಲ ಸರಿಹೋದಂತೆ ಕಾಣುತ್ತದೆ.

ಮಳೆಗಾಲದ ಕೆಂಪು ಬಗ್ಗಡವನ್ನು ನೋಡಿ ಹೆದರಿದವರ ಪತ್ರವೂ ಬಂದಿದೆ. ಮಣ್ಣು ಜಾಸ್ತಿ ಬರುತ್ತಿದೆ ಅಂದರೆ ಮೇಲ್ಭಾಗದಲ್ಲಿ ಕಾಡು ಕಡಿದಿದ್ದಾರೋ, ಗಣಿ ತೋಡಿದ್ದಾರೋ ನೋಡಬೇಕು, ಸರಿ. ಆದರೆ ಬರೀ ಬಣ್ಣದಿಂದ ಕೊಳಚೆ ಅಳೆಯಬೇಡಿ. ಅಮೆಜಾನಿನ ಕೆಲವು ಉಪನದಿಗಳು ಹುಟ್ಟಿನಿಂದಲೇ ಬಗ್ಗಡ. ಅದೇ ಕಣಿವೆಯ ರಿಯೊ ನೀಗ್ರೊ ಎಲೆಗಳ ಕಷಾಯದಿಂದ ಕಪ್ಪಗಿದೆ. ಎರಡರಲ್ಲೂ ಮೀನು ತುಂಬಿವೆ.

ಪ್ರಶ್ನೆ: ನದಿಯಲ್ಲಿ ಮೀನು ಹಿಡಿಯುವವರು ಇದ್ದಾರೆ. ಅಂದಮೇಲೆ ನೀರು ಚೆನ್ನಾಗಿದೆ ಎಂದಲ್ಲವೇ?

ಉತ್ತರ: ಯಾವ ಮೀನು ಅಂತ ಕೇಳಿ. ಕೊರವ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಇವೆಲ್ಲ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತವೆ. ಅಕ್ವೇರಿಯಂ ಗಾಜಿಗೆ ಅಂಟಿಕೊಂಡು ಪಾಚಿ ನೆಕ್ಕುವ ಸಕ್ಕರ್ ಮೀನು ಗೊತ್ತಲ್ಲ? ಅದರ ತವರು ದಕ್ಷಿಣ ಅಮೆರಿಕ. ಸಾಕಿ ಬೇಜಾರಾದವರು ನದಿಗೆ ಬಿಟ್ಟು, ಈಗ ಜಕಾರ್ತದ ಚಿಲಿವುಂಗ್ ನದಿಯಲ್ಲಿ ಅದರದ್ದೇ ರಾಜ್ಯ. ಅದಕ್ಕೂ ಗಾಳಿ ನುಂಗಿ ಬದುಕುವ ಕಲೆ ಗೊತ್ತು. ಬಲೆ ತುಂಬ ಅದೇ ಬಂದರೆ ನದಿಗೆ ಉಸಿರುಗಟ್ಟಿದೆ ಅಂತ ಅರ್ಥ.

ನನ್ನನ್ನು ಕೇಳಿದರೆ ಮೀನಿಗಿಂತ ಕಲ್ಲಿನ ಕೆಳಗಿನ ಹುಳುಗಳು ಒಳ್ಳೆ ಸಾಕ್ಷಿ. ಮೀನು ಈಜಿಕೊಂಡು ತಪ್ಪಿಸಿಕೊಳ್ಳುತ್ತದೆ, ಇವಕ್ಕೆ ಆಗುವುದಿಲ್ಲ. ನೀರು ಚುರುಕಾಗಿ ಹರಿಯುವ ಕಡೆ ಮುಷ್ಟಿ ಗಾತ್ರದ ಕಲ್ಲೆತ್ತಿ ತಿರುಗಿಸಿ. ಚಪ್ಪಟೆ ಮೈ, ಹಿಂದೆ ಸಾಮಾನ್ಯವಾಗಿ ಮೂರು ಎಳೆ ಬಾಲ, ಹೊಟ್ಟೆಯ ಎರಡೂ ಪಕ್ಕ ಪಟಪಟ ಬಡಿಯುವ ಕಿವಿರು. ಅದು ಮೇಫ್ಲೈ ಮರಿ. ಮರಳಿನ ಕಣಗಳನ್ನು ಅಂಟಿಸಿ ಮಾಡಿದ ಸಣ್ಣ ಕೊಳವೆ ಕಂಡರೆ ಒಳಗೆ ಕ್ಯಾಡಿಸ್ ಹುಳು ಇದ್ದೀತು. ಹಲವು ಬಗೆಯವು ಸಿಕ್ಕರೆ ಸಂತೋಷ ಪಡಿ. ಕಲ್ಲೆಲ್ಲ ಲೋಳೆ, ಕೆಸರಲ್ಲಿ ಬರೀ ರಕ್ತಗೆಂಪು ಹುಳುಗಳು ಓಲಾಡುತ್ತಿದ್ದರೆ ಪರಿಸ್ಥಿತಿ ಕೆಟ್ಟಿದೆ. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಇದ್ದಬದ್ದ ಆಮ್ಲಜನಕ ಹಿಡಿದುಕೊಂಡು ಬದುಕುತ್ತವೆ.

ಹುಳು ನೋಡಿ ಅಂಕ ಕೊಡುವ ಪದ್ಧತಿ ಬ್ರಿಟನ್ನಿನದ್ದು. ಥಾಯ್ಲೆಂಡ್, ಕೋಸ್ಟರಿಕದಂಥ ದೇಶಗಳು ಅದನ್ನು ತಮ್ಮ ಹುಳುಗಳಿಗೆ ತಕ್ಕಂತೆ ತಿದ್ದಿಕೊಂಡಿವೆ. ತಿದ್ದದೆ ಬಳಸಿದರೆ ಅಂಕಗಳಿಗೆ ಅರ್ಥ ಇರುವುದಿಲ್ಲ.

ಪ್ರಶ್ನೆ: ಕಾಡಿನ ತೊರೆಯ ನೀರು ಪರೀಕ್ಷಿಸಿದರೂ ಕೋಲಿಫಾರ್ಮ್ ಬಂತು. ಮೇಲೆ ಊರೇ ಇಲ್ಲ. ಇದು ಹೇಗೆ?

ಉತ್ತರ: ಇದು ಒಳ್ಳೆ ಪ್ರಶ್ನೆ. ಕೋಲಿಫಾರ್ಮ್ ಪರೀಕ್ಷೆಯ ಹಿಂದಿನ ಯೋಚನೆ ಹೀಗೆ: ಈ ಬ್ಯಾಕ್ಟೀರಿಯಾಗಳು ಬಿಸಿರಕ್ತದ ಪ್ರಾಣಿಗಳ ಕರುಳಲ್ಲಿರುತ್ತವೆ, ಹೊರಗೆ ಬಂದರೆ ಬೇಗ ಸಾಯುತ್ತವೆ, ಆದ್ದರಿಂದ ನೀರಲ್ಲಿ ಕಂಡರೆ ಮಲ ಸೇರಿದೆ ಎಂದರ್ಥ. ಚಳಿ ದೇಶದಲ್ಲಿ ಹುಟ್ಟಿದ ಯೋಚನೆ. ಬೆಚ್ಚಗಿನ, ತೇವದ ಮಣ್ಣಿನಲ್ಲಿ ಅವು ಸಾಯದೆ ಸಂಸಾರ ಹೂಡುತ್ತವೆ ಅಂತ ಹವಾಯಿ ಮತ್ತು ಪೋರ್ಟೊರಿಕೊದಲ್ಲಿ ಕೆಲಸ ಮಾಡಿದವರು ತೋರಿಸಿದರು. 1988ರಲ್ಲಿ ಪ್ರಕಟವಾದ ಪೋರ್ಟೊರಿಕೊದ ಅಧ್ಯಯನ ನನಗೆ ಬಹಳ ಇಷ್ಟ. ಮಳೆಕಾಡಿನ ಮರಗಳ ಮೇಲೆ ಬೆಳೆಯುವ ಬ್ರೊಮೀಲಿಯಡ್ ಗಿಡಗಳ ಎಲೆಯ ಸಂದಿಯಲ್ಲಿ ನಿಂತ ಮಳೆನೀರು ತೆಗೆದು ನೋಡಿದರು. ನೆಲದಿಂದ ಅಷ್ಟು ಎತ್ತರದಲ್ಲೂ ಈ ಬ್ಯಾಕ್ಟೀರಿಯಾ ಇತ್ತು!

ಹಾಗಾದರೆ ಪರೀಕ್ಷೆ ದಂಡವೇ? ಅಲ್ಲ. ಒಟ್ಟು ಕೋಲಿಫಾರ್ಮ್ ಅಂಕಿಗೆ ಹೆಚ್ಚು ಬೆಲೆ ಕೊಡಬೇಡಿ. ಆ ಗುಂಪಿನಲ್ಲೇ ಒಂದಾದ ಇ. ಕೋಲಿ ಬೇರೆಯಾಗಿ ನೋಡಿಸಿ, ಸಾಧ್ಯವಾದರೆ ಕರುಳಿನ ಬೇರೆ ಬ್ಯಾಕ್ಟೀರಿಯಾಗಳಾದ ಎಂಟರೋಕಾಕೈ ಅಥವಾ ಕ್ಲಾಸ್ಟ್ರಿಡಿಯಂ ಕೂಡ. ಹವಾಯಿಯಲ್ಲಿ ಈ ಕಾರಣಕ್ಕೇ ಕ್ಲಾಸ್ಟ್ರಿಡಿಯಂ ಅನ್ನು ಜತೆಗೆ ಎಣಿಸುತ್ತಾರೆ. ನದಿ ಊರು ಮುಟ್ಟುವ ಮೊದಲು ಒಂದು ಸ್ಯಾಂಪಲ್, ಊರು ದಾಟಿದ ಮೇಲೆ ಒಂದು ಸ್ಯಾಂಪಲ್. ಎರಡರ ನಡುವಿನ ವ್ಯತ್ಯಾಸವೇ ಊರಿನ ಕೊಡುಗೆ. ಹಾಗಂತ ನಿಮ್ಮ ಕಾಡಿನ ತೊರೆಯ ನೀರನ್ನು ಹಾಗೇ ಕುಡಿಯಬೇಡಿ. ಕಾಡುಪ್ರಾಣಿಗಳೂ ಮಲ ವಿಸರ್ಜಿಸುತ್ತವೆ.

ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕ ಎಷ್ಟು ಖರ್ಚಾಗುತ್ತದೆ ಎಂದು ಅಳೆಯುವ ಬಿಓಡಿ ಪರೀಕ್ಷೆಯದ್ದೂ ಇದೇ ಥರ. ಸ್ಯಾಂಪಲ್ಲನ್ನು 5 ದಿನ, 20 ಡಿಗ್ರಿಯಲ್ಲಿ ಇಡುವ ಲೆಕ್ಕದ ಬೇರು ಇರುವುದು 1912ರ ಬ್ರಿಟಿಷ್ ಆಯೋಗವೊಂದರ ವರದಿಯಲ್ಲಿ. ಭಾರತದ ಮಾನಕ ವಿಧಾನದಲ್ಲಿ 3 ದಿನ, 27 ಡಿಗ್ರಿ. ಎರಡು ದೇಶಗಳ ಅಂಕಿ ಹೋಲಿಸುವಾಗ ಯಾವ ವಿಧಾನ ಅಂತ ನೋಡಿ.

ಪ್ರಶ್ನೆ: ನಮ್ಮ ಸಂಘದವರು ಸೂಕ್ಷ್ಮಾಣುಗಳ ಮಣ್ಣಿನ ಉಂಡೆ ನದಿಗೆ ಎಸೆಯುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ತೇಲುವ ಕಾರಂಜಿ, ಕಸ ಎತ್ತುವ ದೋಣಿ ಕೂಡ ಯೋಚನೆಯಲ್ಲಿದೆ. ನಿಮ್ಮ ಅಭಿಪ್ರಾಯ?

ಉತ್ತರ: ಫೋಟೋ ಚೆನ್ನಾಗಿ ಬರುತ್ತದೆ.

ಉಂಡೆಯ ವಿಷಯ ಮೊದಲು. ಕೊಳಚೆ ತಿನ್ನುವ ಸೂಕ್ಷ್ಮಾಣುಗಳು ನದಿಯಲ್ಲಿ ಈಗಾಗಲೇ ಕೋಟಿಗಟ್ಟಲೆ ಇವೆ. ಅವಕ್ಕೆ ಕಡಿಮೆಯಾಗಿರುವುದು ಜೊತೆಗಾರರಲ್ಲ, ಆಮ್ಲಜನಕ. ಉಂಡೆಯಲ್ಲಿ ತವುಡು, ಬೆಲ್ಲದ ಪಾಕದಂಥ ತಿನಿಸು ಬೇರೆ ಇರುತ್ತದೆ. ಅದೂ ಕೊಳೆಯಬೇಕಲ್ಲ? ಮೇಲಿನಿಂದ ಚರಂಡಿ ಹರಿಯುತ್ತಿರುವಾಗ ಉಂಡೆ ಎಸೆದು ನದಿ ಸರಿಹೋಗಿದ್ದನ್ನು ನಾನು ಕಂಡಿಲ್ಲ. ಕಾರಂಜಿ ಚಿಕ್ಕ ಕೊಳಕ್ಕೆ ಸರಿ. ಹರಿಯುವ ನದಿಯಲ್ಲಿ ಅದು ಸುತ್ತಲಿನ ನಾಲ್ಕು ಮಾರು ನೀರಿಗೆ ಉಸಿರು ಕೊಡುತ್ತದೆ. ಆ ನೀರು ಮುಂದೆ ಹೋಗುತ್ತದೆ, ಕರೆಂಟು ಬಿಲ್ಲು ಉಳಿಯುತ್ತದೆ.

ಕಸ ಎತ್ತುವ ದೋಣಿಗೆ ನನ್ನ ಮತ ಇದೆ. ಮಲೇಷ್ಯಾದ ಕ್ಲಾಂಗ್ ನದಿಯಲ್ಲಿ 2019ರಿಂದ ಅಂಥ ಯಂತ್ರ ಕೆಲಸ ಮಾಡಿದೆ. ಸಮುದ್ರಕ್ಕೆ ಹೋಗುವ ಪ್ಲಾಸ್ಟಿಕ್ ಅಷ್ಟಾದರೂ ನಿಲ್ಲುತ್ತದೆ. ಆದರೆ ಕೆಲವೇ ಕೆಲವು ದೊಡ್ಡ ನದಿಗಳನ್ನು ಹಿಡಿದರೆ ಸಾಕು ಎಂಬ ಹಳೆಯ ನಂಬಿಕೆಯನ್ನು 2021ರ ಅಧ್ಯಯನವೊಂದು ಕೆಡವಿತು. ನದಿಗಳ ಮೂಲಕ ಸಮುದ್ರ ಸೇರುವ ಪ್ಲಾಸ್ಟಿಕ್ಕಿನ 80 ಶೇಕಡಾ ಬರುವುದು 1,000ಕ್ಕೂ ಹೆಚ್ಚು ನದಿಗಳಿಂದ, ಅವುಗಳಲ್ಲಿ ಹೆಚ್ಚಿನವು ಊರ ನಡುವಿನ ಚಿಕ್ಕ ನದಿಗಳು ಎಂದು ಅದು ಲೆಕ್ಕ ಹಾಕಿದೆ. ಮತ್ತೊಂದು: ಕಸ ತೆಗೆದ ನದಿ ನೋಡಲು ಚೆಂದ, ಆದರೆ ಕರಗಿದ ಕೊಳಚೆ ಬಲೆಗೆ ಸಿಕ್ಕುವುದಿಲ್ಲ.

ಸಂಘದವರ ಉತ್ಸಾಹ ಬೇರೆ ಕಡೆ ತಿರುಗಲಿ ಅಂತ ನನ್ನ ಆಸೆ. ಬೇಸಿಗೆಯಲ್ಲಿ ದಡದುದ್ದಕ್ಕೂ ನಡೆದು, ಮಳೆ ಇಲ್ಲದ ದಿನವೂ ನೀರು ಬಿಡುತ್ತಿರುವ ಪ್ರತಿ ಪೈಪಿನ ಫೋಟೋ, ಜಾಗ, ಹೊತ್ತು ಬರೆದುಕೊಳ್ಳಿ. ಒಣ ದಿನ ಹರಿಯುವ ಮಳೆನೀರಿನ ಪೈಪಲ್ಲಿ ಮಳೆನೀರು ಇರಲು ಹೇಗೆ ಸಾಧ್ಯ? ಆ ಪಟ್ಟಿ ನೂರು ಉಂಡೆಗಿಂತ ಭಾರ.

ಪ್ರಶ್ನೆ: ನದಿ ತುಂಬ ನೇರಳೆ ಹೂವಿನ ಜಲಕಳೆ. ಅದು ಕೊಳಚೆ ಹೀರುತ್ತದಂತೆ, ಬಿಡಬೇಕೋ ತೆಗೆಯಬೇಕೋ?

ಉತ್ತರ: ಹೀರುತ್ತದೆ, ನಿಜ. ಆದರೆ ಹೀರಿದ್ದನ್ನು ನೀವು ದಡಕ್ಕೆ ಎಳೆದು ಹಾಕಿದರೆ ಮಾತ್ರ ಲಾಭ. ಅಲ್ಲೇ ಸತ್ತು ಮುಳುಗಿದರೆ ಎಲ್ಲ ವಾಪಸ್. ಅಮೆಜಾನ್ ಕಣಿವೆಯಿಂದ ಬಂದ ಈ ಗಿಡ ಬೆಚ್ಚಗಿನ ಕೊಬ್ಬಿದ ನೀರಿನಲ್ಲಿ ಎರಡು ವಾರದೊಳಗೆ ದುಪ್ಪಟ್ಟಾಗಬಲ್ಲದು. ಚಾಪೆ ಹಾಸಿದಂತೆ ಮುಚ್ಚಿದ ಮೇಲೆ ಕೆಳಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರೇ, ಆದ್ದರಿಂದ ಲಾರಿಗೆ ತುಂಬುವ ಮುನ್ನ ದಡದಲ್ಲೇ ಒಣಗಿಸಿ. ವಿಕ್ಟೋರಿಯಾ ಸರೋವರದ ಉಗಾಂಡ ಭಾಗದಲ್ಲಿ 1995ರಿಂದ ಇದನ್ನೇ ತಿನ್ನುವ ದಕ್ಷಿಣ ಅಮೆರಿಕದ ಮೂತಿಹುಳುಗಳನ್ನು ಬಿಟ್ಟರು, ಕೆಲವು ವರ್ಷಗಳಲ್ಲಿ ಕಳೆ ತುಂಬ ಇಳಿಯಿತು. ಚರಂಡಿ ನಿಲ್ಲದ ಕಡೆ ಮತ್ತೆ ತಲೆ ಎತ್ತಿತು.

ಪ್ರಶ್ನೆ: ಉಷ್ಣವಲಯದ ಒಂದಾದರೂ ನದಿ ನಿಜವಾಗಿ ಸ್ವಚ್ಛವಾಗಿದೆಯೇ? ಸುಮ್ನೆ ಸಮಾಧಾನಕ್ಕೆ ಹೇಳಬೇಡಿ.

ಉತ್ತರ: ಆಗಿದೆ. ಸಿಂಗಾಪುರ ನದಿ. 1977ರ ಫೆಬ್ರವರಿಯಲ್ಲಿ ಪ್ರಧಾನಿ ಲೀ ಕ್ವಾನ್ ಯೂ, ಹತ್ತು ವರ್ಷದಲ್ಲಿ ಸಿಂಗಾಪುರ ಮತ್ತು ಕಲಾಂಗ್ ನದಿಗಳಲ್ಲಿ ಗಾಳ ಹಾಕಿ ಮೀನು ಹಿಡಿಯುವಂತಾಗಬೇಕು ಅಂದರು. 1987ಕ್ಕೆ ಆಯಿತು. ಹೇಗೆ ಅಂತ ನೋಡಿದರೆ ನದಿಯೊಳಗೆ ಮಾಡಿದ ಕೆಲಸ ಕಡಿಮೆ, ದಡದ ಮೇಲೆ ಮಾಡಿದ್ದು ಜಾಸ್ತಿ. ಸುಮಾರು 26,000 ಕುಟುಂಬಗಳನ್ನು ಒಳಚರಂಡಿ ಇರುವ ಮನೆಗಳಿಗೆ ಸಾಗಿಸಿದರು. ಹಂದಿ, ಬಾತುಕೋಳಿ ಸಾಕಣೆಗಳನ್ನು ತೆಗೆಸಿದರು. ಬೀದಿ ವ್ಯಾಪಾರಿಗಳಿಗೆ ನಲ್ಲಿ ಮತ್ತು ಚರಂಡಿ ಇರುವ ಕಟ್ಟಡ ಕೊಟ್ಟರು. ಸರಕಿನ ದೋಣಿಗಳು 1983ರಲ್ಲಿ ಬೇರೆ ಕಡೆ ಹೋದವು. ತಳದ ಹೊಲಸು ಎತ್ತಿದ್ದು, ದಡಕ್ಕೆ ಗಿಡ ನೆಟ್ಟಿದ್ದು ಇದರ ಜೊತೆಗೆ.

ಇದನ್ನು ಹೊಗಳುವಾಗ ಎರಡು ಮಾತು ನುಂಗಬಾರದು. ಆ ನದಿ ಬರೀ ಮೂರು ಕಿಲೋಮೀಟರ್ ಚಿಲ್ಲರೆ ಉದ್ದ, ಇಡೀ ಜಲಾನಯನಕ್ಕೆ ಒಂದೇ ಸರ್ಕಾರ. ಇನ್ನೊಂದು, ದೋಣಿಯವರು, ಹಂದಿ ಸಾಕುವವರು ತಮ್ಮ ಕಸುಬು ಬಿಟ್ಟುಕೊಟ್ಟರು. ಖರ್ಚಿನ ಪಟ್ಟಿಯಲ್ಲಿ ಅದನ್ನೂ ಬರೆಯಬೇಕು.

ಮನಿಲಾದ ಪಾಸಿಗ್ ನದಿಯ ಕಥೆ ಬೇರೆ. 1990ರಲ್ಲಿ ಜೈವಿಕವಾಗಿ ಸತ್ತಿದೆ ಎಂದರು. 1999ರಲ್ಲಿ ಅದಕ್ಕೇ ಒಂದು ಆಯೋಗ ಬಂತು. 2018ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಮರುವರ್ಷ ಸರ್ಕಾರ ಆಯೋಗವನ್ನೇ ಮುಚ್ಚಿತು! ಇಂಡೋನೇಷ್ಯಾದ ಚಿತಾರುಮ್‌ಗೆ 2018ರಲ್ಲಿ ಅಧ್ಯಕ್ಷ ಜೋಕೊ ವಿಡೊಡೊ ಸೈನಿಕರನ್ನೇ ಕಳಿಸಿದರು. ಜವಳಿ ಕಾರ್ಖಾನೆಗಳ ಕಳ್ಳ ಪೈಪುಗಳಿಗೆ ಅವರು ಕಾಂಕ್ರೀಟ್ ತುಂಬಿ ಮುಚ್ಚಿದರು. ಏಳು ವರ್ಷಗಳ ಯೋಜನೆ ಅದು. ಮೊದಲಿಗಿಂತ ಸುಧಾರಿಸಿತು, ಆದರೆ ಆಗ ಕೊಟ್ಟ ಮಾತಿನಂತೆ ಕುಡಿಯುವ ನೀರಾಗಲಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಕಲಿಸುವುದು ಬ್ರೆಜಿಲಿನ ತಿಯೆಟೆ. ಮಕರ ವೃತ್ತದ ಅಂಚಿನಲ್ಲೇ ಇರುವ ಸಾವೊ ಪೌಲೊ ನಗರದ ನದಿ. 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಒತ್ತಾಯಿಸಿದ ಮೇಲೆ 1992ರಲ್ಲಿ ಕೆಲಸ ಶುರುವಾಯಿತು. ಅಲ್ಲಿನ ಪರಿಸರ ಸಂಸ್ಥೆಯೊಂದು ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತದೆ: ನದಿ ಎಷ್ಟು ಕಿಲೋಮೀಟರ್ ಸತ್ತಿದೆ? 90ರ ದಶಕದ ಆರಂಭದಲ್ಲಿ 500ಕ್ಕೂ ಜಾಸ್ತಿ. 2014ರಲ್ಲಿ 71ಕ್ಕೆ ಇಳಿದಿತ್ತು. 2024ರಲ್ಲಿ ಮತ್ತೆ 200 ದಾಟಿತು. ಒಮ್ಮೆ ಗೆದ್ದ ನದಿ ಕೈಜಾರುವುದು ಹೀಗೆ. ನನಗೆ ಹಿಡಿಸಿದ್ದು ಆ ಅಳತೆ. ಸೂಚ್ಯಂಕ, ಸರಾಸರಿ ಏನೂ ಬೇಡ. ಸತ್ತ ಉದ್ದ ಎಷ್ಟು, ಹೋದ ವರ್ಷ ಎಷ್ಟಿತ್ತು? ಯಾರಿಗೆ ಬೇಕಾದರೂ ಅರ್ಥವಾಗುತ್ತದೆ, ತಪ್ಪಿಸಿಕೊಳ್ಳುವುದು ಕಷ್ಟ.

ಪ್ರಶ್ನೆ: ಸಂಸ್ಕರಣಾ ಘಟಕಕ್ಕೆ ಕರೆಂಟು ಬಹಳ ಬೇಕು, ಬಡ ಊರುಗಳು ಏನು ಮಾಡಬೇಕು? ಸೆಕೆಯಿಂದ ಬರೀ ನಷ್ಟವೇ?

ಉತ್ತರ: ಇಲ್ಲ ಇಲ್ಲ. ಘಟಕದೊಳಗೆ ಸೆಕೆ ನಮ್ಮ ಪಕ್ಷ. ಮಾಮೂಲಿ ಘಟಕದಲ್ಲಿ ಕರೆಂಟಿನ ದೊಡ್ಡ ಪಾಲು ಹೋಗುವುದು ನೀರಿಗೆ ಗಾಳಿ ಊದಲು. ಗಾಳಿಯೇ ಬೇಡದ ಬ್ಯಾಕ್ಟೀರಿಯಾಗಳಿಂದ ಕೆಲಸ ಮಾಡಿಸಿದರೆ ಆ ಖರ್ಚು ಇಲ್ಲ. ಅವಕ್ಕೆ ಬೆಚ್ಚಗಿನ ನೀರು ಬೇಕು, 20 ಡಿಗ್ರಿಗಿಂತ ಕೆಳಗೆ ಮಂಕಾಗುತ್ತವೆ. 1970ರ ದಶಕದಲ್ಲಿ ನೆದರ್‌ಲೆಂಡ್ಸಿನಲ್ಲಿ ಗಾಟ್ಜೆ ಲೆಟ್ಟಿಂಗ ಮತ್ತು ಜೊತೆಗಾರರು ಇಂಥ ತೊಟ್ಟಿ ರೂಪಿಸಿದರು. ಯುಎಎಸ್‌ಬಿ ಅಂತ ಕರೆಯುತ್ತಾರೆ. ಕೊಳಚೆ ತಳದಿಂದ ಮೇಲಕ್ಕೆ ಏರುತ್ತದೆ, ನಡುವೆ ಬ್ಯಾಕ್ಟೀರಿಯಾಗಳ ದಪ್ಪ ಪದರ ಹಿಡಿದು ತಿನ್ನುತ್ತದೆ, ಮೇಲೆ ಮೀಥೇನ್ ಸಿಗುತ್ತದೆ. ಊರಿನ ಕೊಳಚೆಗೆ ಅದನ್ನು ಪಳಗಿಸಿದ್ದು 80ರ ದಶಕದಲ್ಲಿ ಕೊಲಂಬಿಯಾದ ಕಾಲಿಯಲ್ಲಿ, ಭಾರತದ ಕಾನ್ಪುರದಲ್ಲಿ. ಬ್ರೆಜಿಲಿನಲ್ಲಂತೂ ಈಗ ಸಾಮಾನ್ಯ.

ಮಾರುವವರು ಹೇಳದ ಮಾತು ನಾನು ಹೇಳುತ್ತೇನೆ. ಅದು ಕೊಳಚೆಯ ಹೊರೆಯ ಮುಕ್ಕಾಲು ಪಾಲಿನಷ್ಟು ಮಾತ್ರ ಇಳಿಸುತ್ತದೆ. ಹೊರಬರುವ ನೀರಲ್ಲಿ ಆಮ್ಲಜನಕ ಇರುವುದಿಲ್ಲ, ರೋಗಾಣು ಇರುತ್ತವೆ, ಸಾರಜನಕ ಹಾಗೇ ಇರುತ್ತದೆ. ಮುಂದೆ ಒಂದು ಕೊಳವೋ, ಇನ್ನೊಂದು ಹಂತವೋ ಬೇಕೇ ಬೇಕು. ಅದನ್ನು ಕಟ್ಟದೆ ಉಳಿಸಿದ ದುಡ್ಡನ್ನು ನದಿಯೇ ಕಟ್ಟುತ್ತದೆ.

ಜಾಗ ಇದ್ದರೆ ಸಾಲು ಕೊಳಗಳಷ್ಟು ಒಳ್ಳೆಯದು ಬೇರೆ ಇಲ್ಲ. ಮೊದಲು ಆಳದ್ದು, ಆಮೇಲೆ ಆಳ ಕಡಿಮೆ ಇರುವವು. ಕೊನೆಯ ಕೊಳದಲ್ಲಿ ಬಿಸಿಲು ಮತ್ತು ಪಾಚಿ ಸೇರಿ ರೋಗಾಣು ಕೊಲ್ಲುತ್ತವೆ. ಮಧ್ಯಾಹ್ನ ನೀರಿನ ಪಿಎಚ್ 9 ದಾಟುವುದೂ ಇದಕ್ಕೆ ಸಹಾಯ. ಕೋಲ್ಕತ್ತದ ಪೂರ್ವಕ್ಕಿರುವ ಜೌಗು ಪ್ರದೇಶದಲ್ಲಿ ಮೀನುಗಾರರು ಇದನ್ನು ತಲೆಮಾರುಗಳಿಂದ ಮಾಡುತ್ತಿದ್ದಾರೆ. ನಗರದ ಕೊಳಚೆಯನ್ನು ಅಳೆದು ಕೊಳಗಳಿಗೆ ಬಿಟ್ಟು, ಬಿಸಿಲಿಗೆ ಪಾಚಿ ಬೆಳೆಸಿ, ಮೀನು ಸಾಕುತ್ತಾರೆ. ಎಂಜಿನಿಯರ್ ಧ್ರುವಜ್ಯೋತಿ ಘೋಷ್ ಅದರ ಬೆಲೆ ಜಗತ್ತಿಗೆ ತಿಳಿಸಿದರು. 2002ರಲ್ಲಿ ಸುಮಾರು 12,500 ಹೆಕ್ಟೇರ್, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕಾರ್ಖಾನೆಯ ಲೋಹ ಆ ಕಾಲುವೆಗೆ ಸೇರದಂತೆ ಕಾಯಬೇಕು, ಅಷ್ಟೇ. ಪಾಚಿಗೆ ಕ್ರೋಮಿಯಂ ತಿಂದು ಅರಗಿಸಲು ಬರುವುದಿಲ್ಲ.

ಕೊನೆಗೆ ಚುಟುಕು ಪ್ರಶ್ನೆಗಳು.

ಪ್ರಶ್ನೆ: ನದಿ ನೀರು ಕುದಿಸಿದರೆ ಪಾದರಸ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಅಷ್ಟೇ. ಮೇಲಾಗಿ ಅಮೆಜಾನಿನಂಥ ಕಡೆ ಚಿನ್ನ ತೆಗೆಯುವವರು ಬಿಡುವ ಪಾದರಸ ಜನರ ಮೈ ಸೇರುವುದು ಹೆಚ್ಚಾಗಿ ನೀರಿನಿಂದಲ್ಲ, ಬೇರೆ ಮೀನು ತಿನ್ನುವ ದೊಡ್ಡ ಮೀನುಗಳಿಂದ.

ಪ್ರಶ್ನೆ: ಅಣೆಕಟ್ಟಿನ ಕೆಳಗೆ ಬಿಳಿ ನೊರೆ ಗುಡ್ಡೆ. ಯಾಕೆ?

ಉತ್ತರ: ನೀರು ಮೇಲಿನಿಂದ ಬಿದ್ದು ಕಲಕಿದಾಗ ಸೋಪಿನ ಪುಡಿಯ ಅಂಶ ನೊರೆ ಕಟ್ಟುತ್ತದೆ. ಆ ಕೊಳಕು ಮೇಲ್ಗಡೆಯೂ ಅಷ್ಟೇ ಇದೆ, ಅಲ್ಲಿ ಕಾಣುವುದಿಲ್ಲ. ಎಲೆ ಕೊಳೆತ ಕಾಡಿನ ನೀರಲ್ಲೂ ಸ್ವಲ್ಪ ನೊರೆ ಸಹಜ. ಗುಡ್ಡೆ ಗುಡ್ಡೆಯಾಗಿ, ಗಂಟೆಗಟ್ಟಲೆ ಒಡೆಯದೆ ನಿಂತರೆ ಅದು ಸಹಜದ್ದಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ಮಕ್ಕಳಿಂದ ನೀರು ಪರೀಕ್ಷೆ ಮಾಡಿಸಬೇಕು. ಸ್ಯಾಂಪಲ್ ಹೇಗೆ ತೆಗೆಯಲಿ?

ಉತ್ತರ: ದಡದ ನಿಂತ ನೀರಲ್ಲಿ ತೆಗೆಯಬೇಡಿ, ಹರಿವಿನ ನಡುವೆ ತೆಗೆಯಿರಿ. ಸೇತುವೆಯಿಂದ ಹಗ್ಗ ಕಟ್ಟಿ ಇಳಿಸಿದರೆ ಮಕ್ಕಳು ನೀರಿಗಿಳಿಯುವ ಗೊಡವೆ ಇಲ್ಲ. ಮೇಲಿನ ಪೊರೆ ತಪ್ಪಿಸಿ, ಒಂದು ಗೇಣು ಕೆಳಗೆ, ಬಾಟಲಿಯ ಬಾಯಿ ನೀರು ಬರುವ ದಿಕ್ಕಿಗೆ ಇರಲಿ. ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಆಮೇಲೆ ತುಂಬಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಮಾತ್ರ ಗಲಬರಿಸಬಾರದು, ಅದು ಮೊದಲೇ ಕ್ರಿಮಿಶುದ್ಧ ಮಾಡಿದ್ದು. ತಕ್ಷಣ ಐಸ್ ಪೆಟ್ಟಿಗೆಗೆ ಹಾಕಿ. ನೀರಿನ ಉಷ್ಣತೆಯನ್ನು ಅಲ್ಲೇ ಅಳೆದು ಬರೆಯಿರಿ. ಜಾಗ, ತಾರೀಕು, ಗಂಟೆ ಮೂರನ್ನೂ ಬಾಟಲಿಯ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಸಿ. ಪೆನ್ನಿನ ಶಾಯಿ ಐಸ್ ನೀರಿಗೆ ಅಳಿಸಿಹೋಗುತ್ತದೆ.